ಹದಿನಾಲ್ಕು ದಿನಗಳಲ್ಲಿ ಹದಿನೈದು ಗುಣ: ಒಂದು ಎಸ್‌ಎಸ್‌ಬಿ ತರಬೇತಿ ಶಿಬಿರದ ವಿಮರ್ಶೆ

ದ್ವಿತೀಯ ಪಿಯುಸಿ ಮುಗಿಸಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ನನ್ನ ಮಗಳನ್ನು ಕಳೆದ ವರ್ಷ ಹದಿನಾಲ್ಕು ದಿನಗಳ ವಸತಿಸಹಿತ ಎಸ್‌ಎಸ್‌ಬಿ (ಸೇನಾಧಿಕಾರಿಗಳಾಗುವವರನ್ನು ಆರಿಸುವ ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ತರಬೇತಿ ಶಿಬಿರವೊಂದಕ್ಕೆ ಸೇರಿಸಿದ್ದೆ. ಊಟ, ವಸತಿ, ಮೈದಾನದ ಅಭ್ಯಾಸ, ಮನೋಪರೀಕ್ಷೆಗಳ ತರಗತಿ ಹಾಗೂ ಎರಡು ಅಣಕು ಸಂದರ್ಶನಗಳು ಸೇರಿ ಶುಲ್ಕ 24,000 ರೂಪಾಯಿ. ಕರಪತ್ರದ ಮೊದಲ ಪುಟದಲ್ಲೇ ‘14 ದಿನಗಳಲ್ಲಿ 15 ಅಧಿಕಾರಿ ಗುಣಗಳು’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಗಣಿತ ಪಾಠ ಮಾಡಿ ಹೊಟ್ಟೆ ಹೊರೆಯುವ ನನಗೆ, ದಿನಕ್ಕೊಂದು ಗುಣದಂತೆ ಕಲಿಸಿದರೂ ಒಂದು ಉಳಿದುಹೋಗುತ್ತದಲ್ಲ ಎಂಬ ಅನುಮಾನ ಅಲ್ಲಿಯೇ ಬಂದಿತ್ತು. ಆದರೂ ಹಣ ಕಟ್ಟಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಅಚ್ಚಿನ ಶಿಬಿರಗಳು ಹಲವು ಇರುವುದರಿಂದ, ಪಿಯುಸಿ ಮುಗಿದ ಕೂಡಲೇ ಸೇನೆಯತ್ತ ಮುಖ ಮಾಡಿರುವ ಮಕ್ಕಳ ತಂದೆತಾಯಂದಿರಿಗೆ ಹೆಸರಿಗಿಂತ ಒಳಗೆ ಏನು ನಡೆಯುತ್ತದೆ ಎಂಬುದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಇಂಥ ಶಿಬಿರಗಳಿಗೆ ಗಿರಾಕಿಗಳು ಏಕಿದ್ದಾರೆ ಎಂಬುದು ಅಂಕಗಳ ಲೆಕ್ಕದಲ್ಲೇ ಇದೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಎನ್‌ಡಿಎ ಪರೀಕ್ಷೆಯಲ್ಲಿ ಗಣಿತಕ್ಕೆ 300 ಮತ್ತು ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600 ಅಂಕಗಳಿದ್ದರೆ, ಅದನ್ನು ದಾಟಿದವರಿಗೆ ನಡೆಯುವ ಐದು ದಿನಗಳ ಎಸ್‌ಎಸ್‌ಬಿ ಆಯ್ಕೆಗೆ ಒಂದಕ್ಕೇ 900 ಅಂಕಗಳಿವೆ. ಅರ್ಧ ಅಂಕಗಳು ಪುಸ್ತಕದಲ್ಲಿ, ಇನ್ನರ್ಧ ಅಭ್ಯರ್ಥಿಯ ಮೈಮನಸ್ಸಿನಲ್ಲಿ. ಪುಸ್ತಕದ ಅರ್ಧಕ್ಕೆ ನಮ್ಮ ಕಾಲೇಜುಗಳಲ್ಲಿ ದಾರಿ ತೋರಿಸುವವರು ಇದ್ದಾರೆ. ಉಳಿದರ್ಧಕ್ಕೆ ಎನ್‌ಸಿಸಿ ಪರೇಡ್ ಬಿಟ್ಟರೆ ಏನೂ ಇಲ್ಲ. ವಿಜಯಪುರ ಅಥವಾ ಕೊಡಗಿನ ಸೈನಿಕ ಶಾಲೆಯಲ್ಲೋ, ಬೆಂಗಳೂರು ಮತ್ತು ಬೆಳಗಾವಿಯ ಮಿಲಿಟರಿ ಶಾಲೆಗಳಲ್ಲೋ ಓದಿದ ಹುಡುಗನಿಗೆ ಹತ್ತು ಜನರ ಮುಂದೆ ನಿಂತು ಮಾತನಾಡುವುದು ದಿನನಿತ್ಯದ ಕೆಲಸ. ತಾಲೂಕು ಕೇಂದ್ರದ ಪಿಯು ಕಾಲೇಜಿನಿಂದ ಹೋದ ಹುಡುಗಿಗೆ ಅದು ಜೀವಮಾನದ ಮೊದಲ ಅನುಭವವಾಗಿರಬಹುದು. ಈ ಅಂತರದಲ್ಲೇ ತರಬೇತಿ ಸಂಸ್ಥೆಗಳು ಅಂಗಡಿ ತೆರೆದಿವೆ.

ಹುಡುಗಿ ಎಂದೆ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡುವ ತನಕ ಹೆಣ್ಣುಮಕ್ಕಳು ಈ ಪರೀಕ್ಷೆಗೆ ಕೂರುವಂತೆಯೇ ಇರಲಿಲ್ಲ. 2022ರಲ್ಲಿ ಖಡಕ್‌ವಾಸ್ಲಾದ ಅಕಾಡೆಮಿಗೆ ಸೇರಿದ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಉತ್ತೀರ್ಣರಾಗಿ ಹೊರಬಂದರು. ಆ ಪಥಸಂಚಲನದ ಚಿತ್ರವನ್ನು ಮಗಳು ತನ್ನ ಓದುವ ಮೇಜಿನ ಮೇಲೆ ಅಂಟಿಸಿಕೊಂಡಿದ್ದಾಳೆ. ಶಿಬಿರದಲ್ಲಿ ಇದ್ದ 31 ಅಭ್ಯರ್ಥಿಗಳಲ್ಲಿ ಹೆಣ್ಣುಮಕ್ಕಳು ನಾಲ್ವರು. ಅವರ ವಸತಿ ಮೈದಾನದಿಂದ ಸುಮಾರು ಒಂದು ಕಿಲೋಮೀಟರು ದೂರದ ಬಾಡಿಗೆ ಮನೆಯಲ್ಲಿತ್ತು, ಸ್ವಚ್ಛವಾಗಿತ್ತು, ಮೇಲ್ವಿಚಾರಕಿಯೊಬ್ಬರು ರಾತ್ರಿ ಅಲ್ಲೇ ಇರುತ್ತಿದ್ದರು. ಊಟ ಹಾಸ್ಟೆಲ್ಲಿನ ಊಟ. ಈ ಎರಡರ ಬಗ್ಗೆ ನನ್ನ ದೂರಿಲ್ಲ.

ಎಸ್‌ಎಸ್‌ಬಿಯ ಒಳಹೊರಗು ಬಲ್ಲವರು ಅದನ್ನು ‘ಮನಸಾ, ವಾಚಾ, ಕರ್ಮಣಾ’ ಎಂಬ ಮೂರು ಮಾತುಗಳಲ್ಲಿ ವಿವರಿಸುತ್ತಾರೆ. ಅಭ್ಯರ್ಥಿ ಏನು ಯೋಚಿಸುತ್ತಾನೆ ಎಂಬುದನ್ನು ಮನೋವಿಜ್ಞಾನಿ ಅವನ ಬರಹದಿಂದ ಅಳೆಯುತ್ತಾರೆ; ಏನು ಹೇಳುತ್ತಾನೆ ಎಂಬುದನ್ನು ಸಂದರ್ಶಕ ಅಧಿಕಾರಿ ಕೇಳುತ್ತಾರೆ; ಏನು ಮಾಡುತ್ತಾನೆ ಎಂಬುದನ್ನು ಜಿಟಿಒ ಎಂದು ಕರೆಯುವ ಅಧಿಕಾರಿ ಮೈದಾನದಲ್ಲಿ ನೋಡುತ್ತಾರೆ. ಈ ಮೂವರ ಲೆಕ್ಕಗಳು ಕೊನೆಯ ದಿನದ ಕಾನ್ಫರೆನ್ಸ್‌ನಲ್ಲಿ ಪರಸ್ಪರ ತಾಳೆಯಾಗಬೇಕು. ಶಿಬಿರವನ್ನೂ ಇದೇ ಮೂರು ಭಾಗಗಳಾಗಿ ನೋಡುವುದು ನ್ಯಾಯ. ಕರ್ಮಣಾ ಭಾಗಕ್ಕೆ ನಾನು ಕಟ್ಟಿದ ಹಣ ಕಡಿಮೆಯೇ ಆಯಿತು ಎನ್ನಬಲ್ಲೆ, ಮನಸಾ ಭಾಗಕ್ಕೆ ಒಂದು ರೂಪಾಯಿಯೂ ಹೆಚ್ಚೇ.

ಮೈದಾನದ ಅಭ್ಯಾಸ ನಡೆಸುತ್ತಿದ್ದವರು ಉತ್ತರ ಕರ್ನಾಟಕದ ಒಬ್ಬ ನಿವೃತ್ತ ಸುಬೇದಾರರು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಸೀಟಿ ಊದಿ, ಹೆಣ್ಣುಮಕ್ಕಳನ್ನು ತಂಗಿ ಎಂದೂ ಗಂಡುಮಕ್ಕಳನ್ನು ತಮ್ಮಾ ಎಂದೂ ಕರೆಯುತ್ತ, ಎಲ್ಲರಿಗೂ ಎದೆಯ ಮೇಲೆ ಚೆಸ್ಟ್ ನಂಬರಿನ ಬಟ್ಟೆ ಕಟ್ಟಿಸುತ್ತಿದ್ದರು. ಆ ಹೊತ್ತಿನಿಂದ ಮಗಳ ಹೆಸರು 14. ಅಭ್ಯಾಸದ ತಿರುಳು ಎಂದರೆ ಗುಂಪಿನ ಕೆಲಸ. ನೆಲದಲ್ಲಿ ಹೂತ ಕಂಬಗಳು, ಅವುಗಳ ಮೇಲೆ ಬಣ್ಣ ಬಳಿದ ಪಟ್ಟಿಗಳು, ನಡುವೆ ‘ಹಳ್ಳ’ ಎಂದು ಭಾವಿಸಬೇಕಾದ ಬರಿ ಮಣ್ಣು. ಕೈಗೆ ಕೊಡುವುದು ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ. ಕೆಂಪು ಬಣ್ಣವನ್ನು ಯಾರೂ ಯಾವುದೂ ಮುಟ್ಟುವಂತಿಲ್ಲ, ನಾಲ್ಕು ಅಡಿಗಿಂತ ಹೆಚ್ಚಿನ ಅಂತರವನ್ನು ಹಾರುವಂತಿಲ್ಲ, ಎರಡು ಗಟ್ಟಿ ವಸ್ತುಗಳನ್ನು ಒಂದಕ್ಕೊಂದು ಕಟ್ಟಿ ಉದ್ದ ಮಾಡುವಂತಿಲ್ಲ, ಇಡೀ ಗುಂಪು ಸಾಮಾನಿನೊಂದಿಗೆ ಆಚೆ ದಡ ಸೇರಬೇಕು. ಯಾರನ್ನೂ ನಾಯಕ ಎಂದು ನೇಮಿಸುವುದಿಲ್ಲ ಎಂಬಲ್ಲಿ ಈ ಪರೀಕ್ಷೆಯ ಜಾಣತನವಿದೆ. ಎಂಟು ಹತ್ತು ಜನ ಅಪರಿಚಿತರು, ಗಡಿಯಾರ ಓಡುತ್ತಿದೆ, ಯಾರ ಮಾತನ್ನು ಯಾರು ಕೇಳಬೇಕು ಎಂಬುದು ಅಲ್ಲಿಯೇ ನಿರ್ಧಾರವಾಗಬೇಕು.

ಮೂರನೆಯ ದಿನ ನಾನು ಒಂದು ಚೀಲ ತಲುಪಿಸಲು ಹೋಗಿದ್ದಾಗ ಬೇಲಿಯಾಚೆ ನಿಂತು ಇದನ್ನು ಕಣ್ಣಾರೆ ಕಂಡೆ. ಹಲಗೆಯ ಒಂದು ತುದಿ ಕಂಬದ ಮೇಲೆ, ಇನ್ನೊಂದು ತುದಿ ಗಾಳಿಯಲ್ಲಿ. ಈಚೆ ತುದಿಯ ಮೇಲೆ ಯಾರಾದರೂ ಭಾರವಾಗಿ ನಿಂತರೆ ಮಾತ್ರ ಉಳಿದವರು ಆಚೆ ತುದಿಗೆ ಹೋಗಿ ಮುಂದಿನ ಕಂಬಕ್ಕೆ ಕಾಲಿಡಬಹುದು. ಮಗಳು ಭಾರವಾಗಿ ನಿಂತಿದ್ದಳು. ಒಬ್ಬ ಎತ್ತರದ ಹುಡುಗ ಹಲಗೆಯ ನಡುವೆ ನಿಂತು ಎಲ್ಲರಿಗೂ ಕೈ ಬೀಸಿ ಆಜ್ಞೆ ಕೊಡುತ್ತಿದ್ದ. ನೋಡುವವರ ಕಣ್ಣಿಗೆ ಅವನೇ ನಾಯಕ. ಆರು ಜನ ದಾಟಿದ ಮೇಲೆ ಅವನೂ ದಾಟಿದ, ಹಲಗೆ ಹಿಡಿದವಳು ಈಚೆಯೇ ಉಳಿದಳು, ಅವಳನ್ನು ದಾಟಿಸುವ ಉಪಾಯವನ್ನು ಯಾರೂ ಯೋಚಿಸಿರಲಿಲ್ಲ. ಸುಬೇದಾರರು ಸೀಟಿ ಊದಿ ಎಲ್ಲರನ್ನೂ ಕೂರಿಸಿದರು. ‘ತಮ್ಮಾ, ಹಲಗಿ ಮ್ಯಾಲ ನಿಂತು ಹುಕುಂ ಕೊಡೂದು ಸುಲಭ ಐತಿ. ಹಲಗಿ ಹಿಡದಾಕಿನ್ನ ಹೆಂಗ ದಾಟಸ್ತೀ ಅನ್ನೂದನ್ನ ಮೊದಲ ವಿಚಾರ ಮಾಡಿದ್ರ ನೀನು ಆಫೀಸರ್. ತಂಗಿ, ನಿನ್ನ ತಪ್ಪೂ ಐತಿ. ನಾ ಉಳದೇನಿ ಅಂತ ಬಾಯಿ ಬಿಟ್ಟು ಹೇಳಬೇಕಿತ್ತು.’ ಎರಡನೆಯ ಮಾತನ್ನು ಕೇಳಿ ನಾನು ಬೇಲಿ ಹಿಡಿದು ನಿಂತುಬಿಟ್ಟೆ. ಹದಿನೆಂಟು ವರ್ಷಗಳಿಂದ ಮನೆಯಲ್ಲಿ ನಾನು ಕಾಣುತ್ತಿದ್ದ, ಆದರೆ ಹೆಸರಿಡಲು ಆಗದಿದ್ದ ದೋಷವನ್ನು ಅವರು ಮೂರು ದಿನಗಳಲ್ಲಿ ಹಿಡಿದಿದ್ದರು.

ಅದೇ ಕಸರತ್ತನ್ನು ಅವರು ಮರುದಿನ ಮತ್ತೆ ಮಾಡಿಸಿದರಂತೆ, ಈ ಬಾರಿ ಎತ್ತರದ ಹುಡುಗನನ್ನು ಭಾರವಾಗಿ ನಿಲ್ಲಿಸಿ. ಒಬ್ಬೊಬ್ಬರನ್ನೇ ಕಮಾಂಡರ್ ಮಾಡಿ, ತಮಗೆ ಬೇಕಾದ ಸಹಾಯಕರನ್ನು ಆರಿಸಿಕೊಳ್ಳಲು ಹೇಳುವ ಕಮಾಂಡ್ ಟಾಸ್ಕ್‌ನಲ್ಲಿ ಯಾರು ಯಾರನ್ನು ಕರೆಯುತ್ತಾರೆ ಎಂಬುದನ್ನೂ ಅವರು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಮೊದಲ ವಾರ ಯಾರೂ ಕರೆಯದಿದ್ದ ಹುಡುಗನೊಬ್ಬನನ್ನು ಕೊನೆಯ ವಾರ ಐವರು ಕರೆದರೆಂದು ಮಗಳು ಹೇಳಿದಳು. ಅವನು ಹೆಚ್ಚೇನೂ ಬದಲಾಗಿರಲಿಲ್ಲ, ಅವನಿಗೆ ಗಂಟು ಹಾಕುವುದು ಚೆನ್ನಾಗಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಾಗಿತ್ತು ಅಷ್ಟೆ. ಮೂರು ನಿಮಿಷಗಳಲ್ಲಿ ಹತ್ತು ಅಡೆತಡೆಗಳನ್ನು ಒಬ್ಬರೇ ದಾಟಬೇಕಾದ ಅಭ್ಯಾಸದಲ್ಲಿ ಮೊದಲ ದಿನ ಮಗಳು ನಾಲ್ಕು ಮುಗಿಸಿದ್ದಳು, ಕೊನೆಗೆ ಏಳಕ್ಕೆ ಬಂದಳು.

ಇನ್ನು ಮಧ್ಯಾಹ್ನದ ತರಗತಿಗಳು. ಎಸ್‌ಎಸ್‌ಬಿಯ ಮನೋಪರೀಕ್ಷೆಗಳಲ್ಲಿ ಹನ್ನೆರಡು ಚಿತ್ರಗಳಿಗೆ ಕಥೆ ಬರೆಯಬೇಕು. ಪ್ರತಿ ಚಿತ್ರವನ್ನು ಮೂವತ್ತು ಸೆಕೆಂಡು ತೋರಿಸಿ ನಾಲ್ಕು ನಿಮಿಷ ಕೊಡುತ್ತಾರೆ, ಕೊನೆಯ ಹಾಳೆ ಖಾಲಿ, ಅಲ್ಲಿ ಸ್ವಂತ ಕಲ್ಪನೆ. ಬಳಿಕ ಅರವತ್ತು ಪದಗಳು, ಪದಕ್ಕೆ ಹದಿನೈದು ಸೆಕೆಂಡು, ಮನಸ್ಸಿಗೆ ಹೊಳೆದ ವಾಕ್ಯ ಬರೆಯಬೇಕು. ಆಮೇಲೆ ಮೂವತ್ತು ನಿಮಿಷಗಳಲ್ಲಿ ಅರವತ್ತು ಸನ್ನಿವೇಶಗಳಿಗೆ ಪ್ರತಿಕ್ರಿಯೆ. ಸಮಯವನ್ನು ಇಷ್ಟು ಬಿಗಿಯಾಗಿ ಇಟ್ಟಿರುವುದಕ್ಕೆ ಕಾರಣವಿದೆ: ಲೆಕ್ಕಾಚಾರ ಹಾಕಿ ಸುಳ್ಳು ಹೇಳಲು ಪುರಸೊತ್ತು ಸಿಗಬಾರದು, ಒಳಗಿರುವುದು ತಾನಾಗಿ ಹೊರಗೆ ಬರಬೇಕು. ಶಿಬಿರ ಮಾಡಿದ್ದು ಇದಕ್ಕೆ ತದ್ವಿರುದ್ಧ. ಸೇರಿದ ದಿನವೇ ಪ್ರತಿಯೊಬ್ಬರಿಗೂ ಸುರುಳಿ ಬೈಂಡಿನ ಒಂದು ಪುಸ್ತಕ ಕೊಟ್ಟರು. ಅದರಲ್ಲಿ ಯಾವ ಚಿತ್ರಕ್ಕೂ ಹೊಂದಿಸಬಹುದಾದ ಎಂಟು ಕಥೆಗಳು, ನಾನೂರು ಪದಗಳಿಗೆ ಸಿದ್ಧ ವಾಕ್ಯಗಳು.

ಶಿಬಿರ ಮುಗಿದು ಮಕ್ಕಳನ್ನು ಕರೆತರುವ ದಿನ, ರೈಲಿಗೆ ಮೂರು ಗಂಟೆ ಇದ್ದುದರಿಂದ, ಮಗಳ ಮತ್ತು ಅವಳ ಮೂವರು ಕೊಠಡಿ ಸಂಗಾತಿಗಳ ಅಭ್ಯಾಸದ ನೋಟ್‌ಬುಕ್‌ಗಳನ್ನು ಅವರ ಒಪ್ಪಿಗೆ ಪಡೆದು ಓದಿದೆ. ಉತ್ತರಪತ್ರಿಕೆ ತಿದ್ದುವವನ ಚಟ. ನಾಲ್ಕೂ ಪುಸ್ತಕಗಳಲ್ಲಿ ಕಥಾನಾಯಕ ಹಳ್ಳಿಗೆ ಹೋಗುತ್ತಾನೆ, ಸಮಸ್ಯೆ ಕಾಣುತ್ತಾನೆ, ಗ್ರಾಮಸ್ಥರ ಸಭೆ ಕರೆಯುತ್ತಾನೆ, ರಕ್ತದಾನ ಶಿಬಿರ ಏರ್ಪಡಿಸುತ್ತಾನೆ. ಚಿತ್ರದಲ್ಲಿ ದೋಣಿಯಿದ್ದರೂ ರಕ್ತದಾನ, ಮಳೆಯಲ್ಲಿ ನಿಂತ ಹೆಂಗಸಿದ್ದರೂ ರಕ್ತದಾನ. ನಮ್ಮ ಕಾಲೇಜಿನಲ್ಲಿ ನಾಲ್ಕು ಉತ್ತರಪತ್ರಿಕೆಗಳು ಹೀಗೆ ಬಂದಿದ್ದರೆ ನಾನು ಕೊಠಡಿ ಮೇಲ್ವಿಚಾರಕರನ್ನು ಕರೆಸುತ್ತಿದ್ದೆ. ವರ್ಷವಿಡೀ ಇಂಥ ಬರಹ ಓದುವುದೇ ವೃತ್ತಿಯಾಗಿರುವ ಮನೋವಿಜ್ಞಾನಿಗೆ ಇದು ತಿಳಿಯುವುದಿಲ್ಲ ಎಂದು ಸಂಸ್ಥೆ ಹೇಗೆ ನಂಬಿದೆಯೋ ನನಗರಿಯದು.

ಎಲ್ಲಕ್ಕಿಂತ ನೋವಾದದ್ದು ಸ್ವವಿವರಣೆಯ ಪುಟ. ತಂದೆತಾಯಿ, ಅಧ್ಯಾಪಕರು, ಸ್ನೇಹಿತರು ತನ್ನ ಬಗ್ಗೆ ಏನು ಭಾವಿಸುತ್ತಾರೆ, ತಾನು ತನ್ನ ಬಗ್ಗೆ ಏನು ಭಾವಿಸುತ್ತೇನೆ, ಮುಂದೆ ಏನಾಗಬಯಸುತ್ತೇನೆ ಎಂಬುದನ್ನು ಅಭ್ಯರ್ಥಿ ಅಲ್ಲಿ ಬರೆಯಬೇಕು. ಮಗಳ ಬಗ್ಗೆ ನನ್ನ ಅಭಿಪ್ರಾಯ ಏನೆಂಬುದು ನನಗೆ ಆ ಪುಸ್ತಕದಿಂದಲೇ ತಿಳಿಯಿತು: ಆಕೆ ಜವಾಬ್ದಾರಿಯುತಳು, ಶಿಸ್ತಿನವಳು, ಕುಟುಂಬದ ನಿರ್ಧಾರಗಳಲ್ಲಿ ಅವಳ ಸಲಹೆ ಪಡೆಯುತ್ತೇವೆ. ಉಳಿದ ಮೂವರ ತಂದೆಯಂದಿರದ್ದೂ ಅಕ್ಷರಶಃ ಇದೇ ಅಭಿಪ್ರಾಯ. ನನ್ನನ್ನೇ ಕೇಳಿದ್ದರೆ, ಅವಳು ಪಂಪ್‌ಸೆಟ್ ಆರಿಸಲು ಮರೆಯುತ್ತಾಳೆ, ತಪ್ಪಾದಾಗ ಒಪ್ಪಿಕೊಳ್ಳಲು ಅರ್ಧ ದಿನ ತೆಗೆದುಕೊಳ್ಳುತ್ತಾಳೆ, ಅಜ್ಜಿ ಆಸ್ಪತ್ರೆಯಲ್ಲಿದ್ದ ಹನ್ನೊಂದು ರಾತ್ರಿಗಳಲ್ಲಿ ಏಳು ರಾತ್ರಿ ಯಾರೂ ಹೇಳದೆ ತಾನೇ ಉಳಿದಳು ಎಂದು ಹೇಳುತ್ತಿದ್ದೆ. ಈ ಮೂರೂ ಸಂಗತಿಗಳಿಗೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ.

ವಾಚಾ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಣಕು ಸಂದರ್ಶನ ಮಾಡಿದ ನಿವೃತ್ತ ಅಧಿಕಾರಿ ಸಜ್ಜನರು, ಎರಡನ್ನೂ ನಲವತ್ತು ನಿಮಿಷ ಪೂರ್ತಿ ನಡೆಸಿದರು. ಗುಂಪು ಚರ್ಚೆಗಳು ಇಂಗ್ಲಿಷಿನಲ್ಲಿ ನಡೆದದ್ದರಿಂದ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಇಬ್ಬರು ಹುಡುಗರು ಎರಡನೆಯ ವಾರದಲ್ಲಿ ತಪ್ಪು ಇಂಗ್ಲಿಷನ್ನೇ ಧೈರ್ಯವಾಗಿ ಆಡತೊಡಗಿದರು; ಅದು ಲಾಭವೇ. ಮೊದಲ ದಿನದ ಸ್ಕ್ರೀನಿಂಗ್‌ನಲ್ಲಿ ಚಿತ್ರ ನೋಡಿ ಕಥೆ ಬರೆದು ಗುಂಪಾಗಿ ಚರ್ಚಿಸುವಾಗ ಎಲ್ಲರೂ ಒಟ್ಟಿಗೆ ಕಿರುಚಿ ಮೀನುಪೇಟೆ ಮಾಡಿಬಿಡುತ್ತಾರೆಂದೂ, ಅಲ್ಲಿ ದನಿ ಏರಿಸದೆ ಮಾತು ಸೇರಿಸುವುದು ಹೇಗೆಂದೂ ಹೇಳಿಕೊಟ್ಟ ಒಂದು ತರಗತಿ ನಿಜಕ್ಕೂ ಚೆನ್ನಾಗಿತ್ತೆಂದು ಮಗಳ ಅಭಿಪ್ರಾಯ.

ಕರಪತ್ರದ ಆ ಹದಿನೈದು ಗುಣಗಳ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ನನ್ನ ಮುಖ್ಯ ತಕರಾರು ಇರುವುದು ಅಲ್ಲೇ. ಸಂಘಟನಾ ಸಾಮರ್ಥ್ಯ, ಹೊಣೆಗಾರಿಕೆ, ಸಹಕಾರ, ಬೇಗ ನಿರ್ಧರಿಸುವ ಶಕ್ತಿ, ಗುಂಪನ್ನು ಪ್ರಭಾವಿಸುವ ಶಕ್ತಿ, ಧೈರ್ಯ, ದಣಿಯದ ದೇಹ ಎಂದು ಸಾಗುವ ಆ ಪಟ್ಟಿ ಎಸ್‌ಎಸ್‌ಬಿಯದ್ದೇ, ಸಂಸ್ಥೆ ಕಟ್ಟಿದ್ದಲ್ಲ. ಆದರೆ ಹದಿನೇಳು ಹದಿನೆಂಟರ ವಯಸ್ಸಿನವರಲ್ಲಿ ಆ ಗುಣಗಳು ಪಕ್ವವಾಗಿ ಇರಬೇಕೆಂದು ಬೋರ್ಡ್ ನಿರೀಕ್ಷಿಸುವುದಿಲ್ಲ. ಮೊಳಕೆಯಿದೆಯೇ, ತರಬೇತಿಗೆ ಬಗ್ಗುತ್ತದೆಯೇ ಎಂದಷ್ಟೇ ನೋಡುತ್ತದೆ. ಬೆಳೆಸುವ ಕೆಲಸಕ್ಕೆ ಅಕಾಡೆಮಿಯೇ ಇದೆ. ಅಲ್ಲಿ ಮೂರು ವರ್ಷ, ಆರು ಟರ್ಮ್‌ಗಳು. ಅದರ ಮೇಲೆ ಭೂಸೇನೆಗೆ ಹೋಗುವವರಿಗೆ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಇನ್ನೊಂದು ವರ್ಷ. ಮೊದಲ ಟರ್ಮ್‌ನಲ್ಲಿ ಹೇಳಿದ್ದನ್ನು ಕೇಳುವುದೇ ಕೆಲಸವಾಗಿದ್ದ ಹುಡುಗ, ಕೊನೆಯ ಟರ್ಮ್‌ಗೆ ಬರುವಷ್ಟರಲ್ಲಿ ಕ್ಯಾಡೆಟ್ ಕ್ಯಾಪ್ಟನ್‌ನಂಥ ನೇಮಕ ಸಿಕ್ಕರೆ ತನ್ನ ಸ್ಕ್ವಾಡ್ರನ್ನಿನ ಕಿರಿಯರ ಊಟ, ನಿದ್ದೆ, ಶಿಸ್ತು, ಮನೆಯ ನೆನಪಿನ ಅಳು ಎಲ್ಲಕ್ಕೂ ಹೊಣೆಯಾಗುತ್ತಾನೆ. ನಾಯಕತ್ವ ಬೆಳೆಯುವ ರೀತಿ ಅದು: ಮೊದಲು ವಿಧೇಯತೆ, ಆಮೇಲೆ ಸಣ್ಣ ಹೊಣೆ, ಆಮೇಲೆ ದೊಡ್ಡ ಹೊಣೆ, ಪ್ರತಿ ಹಂತದಲ್ಲೂ ತಪ್ಪಿದರೆ ತಾನೇ ತೆರಬೇಕಾದ ಬೆಲೆ. ಹದಿನಾಲ್ಕು ದಿನಗಳಲ್ಲಿ ಇದರ ಪರಿಚಯ ಮಾಡಿಸಬಹುದು, ಇದನ್ನು ಮಾರಲು ಬರುವುದಿಲ್ಲ.

ಇನ್ನೊಂದು ಮಾತು. ಅದೇ ಆವರಣದಲ್ಲಿ ಅಗ್ನಿವೀರ್ ಭರ್ತಿಗೆ ಸಿದ್ಧವಾಗುವ ಹುಡುಗರ ಬ್ಯಾಚೂ ಇತ್ತು. ಅವರಿಗೆ ಓಟ, ಪುಲ್‌ಅಪ್, ಲಿಖಿತ ಪರೀಕ್ಷೆಯ ಪಾಠ ಬಿಟ್ಟರೆ ನಾಯಕತ್ವ ಎಂಬ ಶಬ್ದವೇ ಇರಲಿಲ್ಲ. ಅದು ಅಧಿಕಾರಿಗಳ ಸೊತ್ತು ಎಂಬಂತೆ. 2022ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಬಳಿಕ ಶೇ 25ರಷ್ಟು ಮಂದಿಯನ್ನು ಮಾತ್ರ ಖಾಯಂ ಆಗಿ ಉಳಿಸಿಕೊಳ್ಳುವ ನಿಯಮ. ಹೀಗಿರುವಾಗ ಹೊರಬರುವ ಬಹುಪಾಲು ಹುಡುಗರಿಗೆ ಮುಂದಿನ ಬದುಕಿನಲ್ಲಿ ಉಪಯೋಗಕ್ಕೆ ಬರುವುದು, ಹತ್ತು ಜನರನ್ನು ಜೊತೆಗೆ ಕರೆದೊಯ್ಯಬಲ್ಲ ಗುಣವೇ ಅಲ್ಲವೇ? ಸೇನೆಯಲ್ಲಿ ಹತ್ತು ಸೈನಿಕರ ಸೆಕ್ಷನ್‌ನ ಮುಂದೆ ನಡೆಯುವವನು ಸಾಮಾನ್ಯವಾಗಿ ಹವಾಲ್ದಾರ. ಈ ಮಾತನ್ನು ಸುಬೇದಾರರೇ ಹೇಳಿದರು, ಸ್ವಲ್ಪ ಬಿಗುಮಾನದಿಂದ.

ಮಗಳ ಫಲಿತಾಂಶವನ್ನು ಮುಚ್ಚಿಡುವುದಿಲ್ಲ. ಸ್ಕ್ರೀನಿಂಗ್ ದಾಟಿದಳು, ಐದೂ ದಿನ ಉಳಿದಳು, ಕಾನ್ಫರೆನ್ಸ್ ಆದ ಮೇಲೆ ಓದಿದ ಚೆಸ್ಟ್ ನಂಬರುಗಳಲ್ಲಿ ಅವಳದು ಇರಲಿಲ್ಲ. ಮೈದಾನದಲ್ಲಿ ತಾನು ಎಲ್ಲೂ ತಬ್ಬಿಬ್ಬಾಗಲಿಲ್ಲವೆಂದೂ, ಭಾರವಾಗಿ ನಿಂತಾಗ ‘ನನ್ನನ್ನು ಹೇಗೆ ದಾಟಿಸುತ್ತೀರಿ’ ಎಂದು ಮೊದಲೇ ಕೂಗಿ ಕೇಳಿದೆನೆಂದೂ ಹೇಳಿದಳು. ಕಥೆ ಬರೆಯುವಾಗ ಐದನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಪೆನ್ನು ತಾನಾಗಿಯೇ ಗ್ರಾಮಸಭೆ ಕರೆದುಬಿಟ್ಟಿತಂತೆ. ಹೊಡೆದುಹಾಕಿ ಬೇರೆ ಬರೆಯಲು ಹೋಗಿ ಎರಡು ಕಥೆಗಳು ಅರ್ಧಕ್ಕೆ ನಿಂತವು. ಆಯ್ಕೆಯಾಗದಿರಲು ಇದೇ ಕಾರಣ ಎಂದು ನಾನು ಹೇಳಲಾರೆ, ಬೋರ್ಡ್ ಕಾರಣ ಹೇಳುವುದಿಲ್ಲ. ಆದರೆ ಹಣ ಕೊಟ್ಟು ಕಲಿಸಿದ್ದನ್ನು ಮರೆಯಲು ಮತ್ತೆ ಶ್ರಮಪಡಬೇಕಾಗಿದ್ದು ನಿಜ. ಅಂದಹಾಗೆ ಎಸ್‌ಎಸ್‌ಬಿಯಲ್ಲಿ ಊಟವಸತಿಗೆ ಹಣವಿಲ್ಲ, ಮೊದಲ ಬಾರಿ ಹೋಗುವವರಿಗೆ ಎಸಿ ಮೂರನೆಯ ದರ್ಜೆಯ ರೈಲು ವೆಚ್ಚವನ್ನೂ ಮರಳಿ ಕೊಡುತ್ತಾರೆ. ನಮ್ಮ ಖರ್ಚೆಲ್ಲ ಆದದ್ದು ಬಾಗಿಲ ಹೊರಗೇ.

ಯಾರಿಗೆ ಈ ಶಿಬಿರ ಸರಿ ಎಂದರೆ, ಗುಂಪಿನಲ್ಲಿ ಬಾಯಿ ಬಿಡದ, ಹಲಗೆ ಹಗ್ಗ ಕಂಡಿರದ ಮಕ್ಕಳಿಗೆ. ಎನ್‌ಸಿಸಿ ಶಿಬಿರಗಳಲ್ಲಿ ಓಡಾಡಿದವರು, ಸೈನಿಕ ಶಾಲೆಯವರು ಆ ಹಣವನ್ನು ಉಳಿಸಬಹುದು. ಸೇರಿಸುವವರು ಮೊದಲೇ ಎರಡು ವಿಷಯ ಕೇಳಿಕೊಳ್ಳಬೇಕು: ಮೈದಾನದಲ್ಲಿ ದಿನಕ್ಕೆ ಎಷ್ಟು ಗಂಟೆ, ಒಂದು ಗುಂಪಿನಲ್ಲಿ ಎಷ್ಟು ಜನ. ನಮ್ಮಲ್ಲಿ ಕೊನೆಯ ಮೂರು ದಿನ ಎರಡು ಬ್ಯಾಚುಗಳನ್ನು ಕೂಡಿಸಿ ಗುಂಪಿಗೆ ಹದಿನೈದು ಜನರನ್ನು ಹಾಕಿದ್ದರಿಂದ ಅರ್ಧ ಜನ ನಿಂತು ನೋಡಿದ್ದೇ ಆಯಿತು. ಕಚೇರಿಯಲ್ಲಿ ದೂರು ಹೇಳಿದಾಗ ‘ಮಕ್ಕಳು ಹೆಚ್ಚಾದರೆ ಸ್ಪರ್ಧೆ ಹೆಚ್ಚುತ್ತದೆ ಸರ್’ ಎಂಬ ಉತ್ತರ ಬಂತು.

ಆಯ್ಕೆಯಾಗದವರು ಒಮ್ಮೆ ಉಚಿತವಾಗಿ ಮರಳಿ ಬರಬಹುದೆಂದು ರಸೀದಿಯ ಹಿಂಭಾಗದಲ್ಲಿದೆ. ಮಗಳಿಗೆ ವಯಸ್ಸಿನ ಮಿತಿಯೊಳಗೆ ಇನ್ನೊಂದು ಅವಕಾಶವಿದೆ, ಲಿಖಿತ ಪರೀಕ್ಷೆಯನ್ನು ಮತ್ತೆ ಪಾಸು ಮಾಡಿಕೊಂಡಿದ್ದಾಳೆ. ಮುಂದಿನ ತಿಂಗಳ ಬ್ಯಾಚಿಗೆ ಬರುತ್ತಾಳೆ, ಆದರೆ ಬೆಳಗಿನ ಮೈದಾನಕ್ಕೆ ಮಾತ್ರ, ಎಂದು ಫೋನಿನಲ್ಲಿ ತಿಳಿಸಿದೆ. ಮಧ್ಯಾಹ್ನದ ತರಗತಿಗೆ ಕೂರದಿದ್ದರೆ ಹಾಜರಿ ಹಾಕುವುದಿಲ್ಲ ಎಂದು ವ್ಯವಸ್ಥಾಪಕರು ಹೇಳಿದರು. ಹಾಕಬೇಡಿ ಎಂದೆ.